1911ರ ಮೋಹನ್ ಬಗಾನ್: ಹನ್ನೊಂದೂ ಜನ ಬರಿಗಾಲಲ್ಲಿ ಆಡಿದ್ದರಾ?

ಇಲ್ಲ ಸರ್, ಕಲ್ಕತ್ತಾದ ಈ ಫುಟ್‌ಬಾಲ್ ಕ್ಲಬ್ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದಾಗ ಬರಿಗಾಲಲ್ಲಿ ಆಡಿದ್ದು ಹತ್ತು ಜನ ಮಾತ್ರ. ಫುಲ್‌ಬ್ಯಾಕ್ (ರಕ್ಷಣಾ ಆಟಗಾರ) ಸುಧೀರ್ ಚಟರ್ಜಿ ಬೂಟು ಹಾಕಿಕೊಂಡೇ ಆಡಿದ್ದು. ಹಾಗಾಗಿ ನಿಮ್ಮ ಹತ್ತಿರ ಇರುವ ಆ ತಂಡದ ಚಿತ್ರದಲ್ಲಿ ಒಬ್ಬರ ಕಾಲಲ್ಲಿ ಬೂಟು ಕಂಡ ಮಾತ್ರಕ್ಕೆ ಅದು ನಕಲಿ ಅಂದುಕೊಳ್ಳಬೇಡಿ.

ಇನ್ನು 'ಫೈನಲ್ ಎರಡು ಸಲ ನಡೀತಾ?' ಅಂತ ಕೇಳಿದ್ದೀರಿ. ಎರಡು ಸಲ ನಡೆದದ್ದು ಸೆಮಿಫೈನಲ್. ಬ್ರಿಟಿಷ್ ಸೇನೆಯ ಮಿಡಲ್‌ಸೆಕ್ಸ್ ರೆಜಿಮೆಂಟ್ ತಂಡದ ಜತೆ ಮೊದಲು 1-1 ಡ್ರಾ, ಮರುಪಂದ್ಯದಲ್ಲಿ ಬಗಾನ್‌ಗೆ 3-0 ಗೆಲುವು. ಸೆಮಿಫೈನಲ್, ಫೈನಲ್ ಎರಡನ್ನೂ ಕಲಸಿಬಿಡುವುದರಿಂದಲೇ ಅರ್ಧ ಗೊಂದಲ.

ಫೈನಲ್ ಜುಲೈ 29ರಂದು, ಕಲ್ಕತ್ತಾ ಎಫ್‌ಸಿ ಮೈದಾನದಲ್ಲಿ, ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಮೇಲೆ. ಮೊದಲ ಗೋಲು ಸೈನಿಕರದ್ದೇ, ಸಾರ್ಜೆಂಟ್ ಜ್ಯಾಕ್ಸನ್ ಫ್ರೀಕಿಕ್‌ನಲ್ಲಿ ಹೊಡೆದದ್ದು. ಬಗಾನ್ ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದರು. ಕೊನೆಗಳಿಗೆಯಲ್ಲಿ ಅವರೇ ಎಡಗಡೆಯಿಂದ ನುಗ್ಗಿ ಚೆಂಡು ಕೊಟ್ಟಾಗ ಅಭಿಲಾಷ್ ಘೋಷ್ ಗುರಿ ಮುಟ್ಟಿಸಿದರು, 2-1. ಗೆಲುವಿನ ಗೋಲನ್ನೂ ಶಿಬ್‌ದಾಸ್ ಲೆಕ್ಕಕ್ಕೇ ಬರೆಯುವವರಿದ್ದಾರೆ, ಅದು ತಪ್ಪು.

ಬರಿಗಾಲು ಅಂದರೆ ಬರೀ ಬಡತನ ಅನ್ನುವ ವಿವರಣೆ ನನಗೆ ಒಪ್ಪಿಗೆಯಿಲ್ಲ. ಒಣ ನೆಲದಲ್ಲಿ ಬೆರಳಿನಿಂದ ಚೆಂಡು ತಿರುಗಿಸುವ ಹಿಡಿತ ಬೂಟಿನಲ್ಲಿ ಸಿಗೋದಿಲ್ಲ. ಕೆಸರಾದರೆ ಮಾತ್ರ ಪಾದ ಜಾರುತ್ತದೆ, ಬೂಟಿನ ತಳದಲ್ಲಿ ಸ್ಟಡ್ (ಹಿಡಿತದ ಗುಬ್ಬಿ) ಇದ್ದವನು ನಿಲ್ಲುತ್ತಾನೆ.

ಬೆಂಗಳೂರಿನ ನಂಟು ಕೇಳಿದಿರಲ್ಲ: 2015ರ ಮೇ 31, ಕಂಠೀರವ ಕ್ರೀಡಾಂಗಣ. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆದ ಐ-ಲೀಗ್ ಪ್ರಶಸ್ತಿಗೆ ಬಗಾನ್‌ಗೆ ಡ್ರಾ ಸಾಕಿತ್ತು, ಬೆಂಗಳೂರು ಎಫ್‌ಸಿಗೆ ಗೆಲ್ಲಲೇಬೇಕಿತ್ತು. ಜಾನ್ ಜಾನ್ಸನ್ ಗೋಲಿನಿಂದ ನಮ್ಮವರು ಮುಂದಿದ್ದರು. ಇನ್ನೇನು ಮುಗೀತು ಅನ್ನುವಾಗ ಬೆಲ್ಲೊ ರಜಾಕ್ ಕಾರ್ನರ್‌ಗೆ ತಲೆ ಕೊಟ್ಟರು, 1-1. ಪ್ರಶಸ್ತಿ ಕೋಲ್ಕತ್ತಾಗೆ ಹೋಯಿತು.