ಗಿಟ್, ಪ್ರಾಟ್, ಬರ್ಕ್: ಎಷ್ಟು ಬೈಗುಳ, ಎಷ್ಟು ಸಲುಗೆ?

ಪ್ರಶ್ನೆ: ಸಾಫ್ಟ್‌ವೇರ್ ಕೆಲಸದಲ್ಲಿ ದಿನವೂ ಬಳಸುವ ‘ಗಿಟ್’ ಇಂಗ್ಲೆಂಡಿನಲ್ಲಿ ಬೈಗುಳವಂತೆ, ನಿಜವೇ?
– ಓದುಗರು, ಬೆಂಗಳೂರು

ಉತ್ತರ: ನಿಜ. ಗಿಟ್ ಎಂದರೆ ಕಿರಿಕಿರಿಯ ಆಸಾಮಿ, ತಲೆನೋವಿನ ಗಿರಾಕಿ. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಗೆಟ್’ ಅಂದರೆ ಹುಟ್ಟಿಸಿದ ಕೂಸು, ಅದರಲ್ಲೂ ಮದುವೆಯಿಲ್ಲದೆ ಹುಟ್ಟಿದ್ದು. ಗಿಟ್ ಅದರದೇ ರೂಪಾಂತರ. ನಮ್ಮ ‘ಮುಂಡೇಮಗ’ನ ಹಾಗೆ, ಹುಟ್ಟನ್ನೇ ಹಳಿಯುವ ಮಾತು ಸವೆದು ಸವೆದು ಹಗುರಾಗಿದೆ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಈ ತಂತ್ರಾಂಶಕ್ಕೆ, 2005ರಲ್ಲಿ ಅದನ್ನು ರಚಿಸಿದ ಲೈನಸ್ ಟೊರ್ವಾಲ್ಡ್ಸ್ ಈ ಹೆಸರನ್ನು ತಿಳಿದೇ ಇಟ್ಟರು. ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯೂ ಅವರದೇ: ತನ್ನ ಕೆಲಸಗಳಿಗೆಲ್ಲ ತನ್ನ ಹೆಸರನ್ನೇ ಇಡುತ್ತೇನೆ, ಮೊದಲು ಲಿನಕ್ಸ್, ಈಗ ಗಿಟ್ ಎಂದು ತಮ್ಮನ್ನೇ ಲೇವಡಿ ಮಾಡಿಕೊಂಡರು.

ಪದದ ಖಾರ ಮುಂದಿನ ವಿಶೇಷಣದಲ್ಲಿದೆ. ‘ಲಕ್ಕಿ ಗಿಟ್’ ಹೊಟ್ಟೆಕಿಚ್ಚು ಬೆರೆತ ಮೆಚ್ಚುಗೆ. ‘ಮಿಸರಬಲ್ ಓಲ್ಡ್ ಗಿಟ್’ ಸಿಡುಕು ಮುದುಕ. ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಮಾತ್ರ ಸದಸ್ಯರು ಒಬ್ಬರಿಗೊಬ್ಬರು ಹೀಗೆನ್ನುವಂತಿಲ್ಲ. ಸ್ಪೀಕರ್‌ಗಳು ಆಕ್ಷೇಪಿಸಿದ ಪದಗಳಲ್ಲಿ ಇದೂ ಒಂದು.

ಪ್ರಶ್ನೆ: ಓದಲು ಲಂಡನ್ನಿಗೆ ಹೊರಟಿದ್ದೇನೆ. ಗೆಳೆಯರ ನಡುವೆ ಯಾವ ಬೈಗುಳ ನಡೆಯುತ್ತದೆ?
– ಓದುಗರು, ದಾವಣಗೆರೆ

ಉತ್ತರ: ‘ಮಪೆಟ್’ ನಿರಪಾಯ. ಪೆದ್ದ ಎಂದಷ್ಟೇ ಅರ್ಥ. ಜಿಮ್ ಹೆನ್ಸನ್ನರ ಟಿವಿ ಗೊಂಬೆಗಳಿಂದ ಬಂದದ್ದು. ‘ಪ್ರಾಟ್’ ಹದಿನಾರನೇ ಶತಮಾನದಲ್ಲಿ ಕುಂಡಿಗಿದ್ದ ಹೆಸರು. ಇಂದು ಬರೀ ದಡ್ಡ. ಮುಂದೆ ‘ಎ ಬಿಟ್ ಆಫ್ ಎ’ ಸೇರಿಸಿದರೆ ಇನ್ನೂ ಮೆತ್ತಗಾಗುತ್ತದೆ.

‘ಬರ್ಕ್’ ಎಂದರೂ ದಡ್ಡನೇ, ಆದರೆ ಅದರ ಕಥೆ ಬೇರೆ. ಪೂರ್ವ ಲಂಡನ್ನಿನ ಜನರ ಕಾಕ್ನಿ ಪ್ರಾಸಮಾತಿನಲ್ಲಿ, ಹೇಳಬೇಕಾದ ಪದಕ್ಕೆ ಪ್ರಾಸವಾಗುವ ಜೋಡಿಪದ ಹುಡುಕಿ, ಆಮೇಲೆ ಪ್ರಾಸವಿರುವ ತುಂಡನ್ನೇ ಬಿಟ್ಟುಬಿಡುತ್ತಾರೆ. ಇಲ್ಲಿ ಸಿಕ್ಕಿದ್ದು ‘ಬರ್ಕ್‌ಲಿ ಹಂಟ್’, ಗ್ಲಾಸ್ಟರ್‌ಶೈರಿನ ನರಿಬೇಟೆಯ ತಂಡ. ‘ಹಂಟ್’ಗೆ ಪ್ರಾಸವಾಗುವುದು ಹೆಣ್ಣಿನ ಗುಪ್ತಾಂಗದ ಹೆಸರು, ಇಂಗ್ಲಿಷಿನ ಅತಿ ಹೊಲಸು ಬೈಗುಳ. ಆ ತುಂಡು ಬಿದ್ದುಹೋದದ್ದರಿಂದಲೇ ‘ಬರ್ಕ್’ ಮರ್ಯಾದಸ್ಥರ ಮನೆಯೊಳಗೂ ನುಸುಳಿತು. ಮಜವೆಂದರೆ, ಬರ್ಕ್‌ಲಿ ಊರಿನ ಹೆಸರನ್ನು ಅಲ್ಲಿಯವರು ‘ಬಾರ್ಕ್‌ಲಿ’ ಎನ್ನುತ್ತಾರೆ, ಬೈಗುಳ ಮಾತ್ರ ‘ಬರ್ಕ್’.

ಹೊಸಬರು ಎಡವುವುದು ‘ಟ್ವಿಟ್’ನಲ್ಲಿ. ಅದೂ ಪೆದ್ದ ಎಂಬ ಹಗುರ ಮಾತು, ಮಕ್ಕಳೂ ಆಡುತ್ತಾರೆ. ಸ್ವರ ಜಾರಿ ‘ಟ್ವಾಟ್’ ಆದರೆ ಮತ್ತದೇ ಗುಪ್ತಾಂಗ. ಪ್ರಸಾರ ನಿಯಂತ್ರಕ ಆಫ್‌ಕಾಮ್ 2016ರ ವರದಿಯಲ್ಲಿ ಗಿಟ್ಟನ್ನು ಸೌಮ್ಯ ಪದಗಳ ಸಾಲಿಗೆ ಹಾಕಿ, ಟ್ವಾಟನ್ನು ತೀವ್ರ ಪದಗಳ ಜೊತೆಗಿಟ್ಟಿತು. ಉಚ್ಚಾರ ಪಳಗುವ ತನಕ ಮಪೆಟ್ಟೇ ಸಾಕು, ಅದೂ ಮೇಷ್ಟರಿಗಲ್ಲ.