ಶನಿವಾರ ಸಂಜೆಯ ಫೋನು

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿ 7 ತಿಂಗಳಾಯಿತು. ಐದು ತಿಂಗಳು ಕುಡಿತ ಬಿಟ್ಟಿದ್ದ ಗಾರೆ ಕೆಲಸದವರೊಬ್ಬರು ಮೊನ್ನೆ ಕುಡಿದೇ ನನ್ನ ಹತ್ತಿರ ಬಂದರು. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಲು ಮಾತ್ರೆ ಕೊಡಿಸಿ ಎಂದು ಅವರ ಹೆಂಡತಿ ಅಳುತ್ತಾರೆ. ನಾನೇ ಸೋತ ಹಾಗಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಮಾತ್ರೆಯ ವಿಷಯ ಮುಗಿಸೋಣಮ್ಮ. ಅವರು ಕೇಳುತ್ತಿರುವುದು ಡೈಸಲ್ಫಿರಾಮ್ ಇರಬೇಕು. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ ಬರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ರೋಗಿಗೆ ಗೊತ್ತಿದ್ದು, ಒಪ್ಪಿ, ಡಾಕ್ಟರು ಹೇಳಿದ ಮೇಲೆ ನುಂಗುವ ಮಾತ್ರೆ ಅದು. ಸಾರಿಗೆ ಕದ್ದು ಹಾಕುವುದಲ್ಲ.

ಮತ್ತೆ ದಿನವೂ ಕುಡಿಯುತ್ತಿದ್ದಾರಾ ಕೇಳಿ. ಹೌದಾದರೆ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸಿ ಎನ್ನುವ ಬಂಧುಗಳ ಮಾತು ಬೇಡ. ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಬಹುದು. ಆಸ್ಪತ್ರೆಗೇ ಕಳಿಸಿ.

ಇನ್ನು ನಿಮ್ಮ ಸೋಲು. ನನ್ನ ಮೊದಲ ವರ್ಷದಲ್ಲಿ ಆಟೋ ಓಡಿಸುವವರೊಬ್ಬರು ಹೀಗೇ ಕುಡಿದು ಬಂದಿದ್ದರು. "ಎಷ್ಟು ಸಲ ಹೇಳಿದ್ದೆ ನಿಮಗೆ!" ಎಂದುಬಿಟ್ಟೆ. ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಮತ್ತೆ ಬಂದಿದ್ದು ಒಂದೂವರೆ ವರ್ಷದ ಮೇಲೆ, ಕಣ್ಣು ಹಳದಿಯಾಗಿ. ಆ ಮಾತನ್ನು ಅವತ್ತೇ ಬಿಟ್ಟೆ. ಈಗ ಸುಮ್ನೆ ಆ ದಿನದ ಲೆಕ್ಕ ಕೇಳುತ್ತೇನೆ. ಆಸೆ ಹುಟ್ಟಿದ್ದು ಎಷ್ಟು ಗಂಟೆಗೆ? ಊಟ ಆಗಿತ್ತಾ? ಜೇಬಲ್ಲಿ ಎಷ್ಟಿತ್ತು? ಜೊತೆಗೆ ಯಾರಿದ್ದರು? ಹೀಗೆ ಕೇಳುವಾಗಲೇ ಒಬ್ಬರು ಹೇಳಿದರು: ಶನಿವಾರದ ಬಟವಾಡೆಯನ್ನು ಮೇಸ್ತ್ರಿ ಹಂಚುವುದೇ ಬಾರ್ ಮುಂದೆ, ಚಿಲ್ಲರೆ ಅಲ್ಲೇ ಸಿಗುತ್ತದಲ್ವಾ! ಮುಂದಿನ ವಾರದಿಂದ ಅವರೇ ಕೂಲಿಯನ್ನು ಹೆಂಡತಿಯ ಫೋನ್‌ಪೇಗೆ ಹಾಕಿಸಿದರು. ನನಗಂತೂ ಆ ಉಪಾಯ ಹೊಳೆಯುತ್ತಿರಲಿಲ್ಲ.

ನಿಮ್ಮವರನ್ನೂ ಕೇಳಿ. ಐದು ತಿಂಗಳಲ್ಲಿ ಇಪ್ಪತ್ತು ಶನಿವಾರ ದಾಟಿದ್ದಾರೆ. ಅವನ್ನು ಹೇಗೆ ದಾಟಿದರು ಅನ್ನುವುದು ಅವರಿಗೇ ಗೊತ್ತು.

ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ. ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈ ಶನಿವಾರ ಸಂಜೆ ಐದಕ್ಕೆ ಆ ಗಾರೆ ಕೆಲಸದವರಿಗೊಂದು ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ. ಕೇಂದ್ರದ ಫೋನಿನಿಂದ ಮಾತ್ರ. ನಾನು ನನ್ನ ಸ್ವಂತ ನಂಬರು ಹಂಚಿ ಎರಡು ವರ್ಷ ನಿದ್ದೆ ಮಾಡಲಿಲ್ಲ.