ಹನ್ನೆರಡು ದಿನದ ಉಡುಗೊರೆಗಳಲ್ಲಿ ಗುಟ್ಟೇನಾದರೂ ಇದೆಯೇ?

ಪ್ರಶ್ನೆ: ಶಾಲೆಯ ಕಾರ್ಯಕ್ರಮಕ್ಕಾಗಿ ಮಗಳು, ಹನ್ನೆರಡು ದಿನ ಬರುವ ಉಡುಗೊರೆಗಳನ್ನು ಒಂದೊಂದಾಗಿ ಎಣಿಸುವ ‘ದ ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’ ಹಾಡು ಕಲಿಯುತ್ತಿದ್ದಾಳೆ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ನಿರ್ಬಂಧವಿದ್ದಾಗ ಮಕ್ಕಳಿಗೆ ಗುಟ್ಟಾಗಿ ಧರ್ಮಪಾಠ ಹೇಳಿಕೊಡಲು ಕಟ್ಟಿದ ಹಾಡಿದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ನಿಜವೇ?

ಉತ್ತರ: ಕಥೆ ಸೊಗಸಾಗಿದೆ, ಆಧಾರ ಮಾತ್ರ ಇಲ್ಲ. ಅದು ಹಬ್ಬಿದ್ದೇ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ. ಪೇರ್ ಮರದ ಮೇಲಿನ ಕೌಜುಗ ಎಂದರೆ ಯೇಸು, ಹತ್ತು ಮಂದಿ ಜಿಗಿಯುವ ಪ್ರಭುಗಳು ಎಂದರೆ ದಶಾಜ್ಞೆಗಳು, ಹನ್ನೊಂದು ಕೊಳಲೂದುವವರು ಎಂದರೆ ನಿಷ್ಠೆ ಬಿಡದ ಹನ್ನೊಂದು ಶಿಷ್ಯರು ಎಂದೆಲ್ಲ ಅರ್ಥ ಹಚ್ಚುತ್ತಾರೆ. ಆದರೆ 1780ರ ಸುಮಾರಿಗೆ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾದ ಹಾಡಿನ ಹಳೆಯ ರೂಪವನ್ನು ನೋಡಿ: ಅಲ್ಲಿ ಹತ್ತನೆಯ ದಿನಕ್ಕೆ ಕೊಳಲಿನವರು, ಹನ್ನೊಂದಕ್ಕೆ ಕುಣಿಯುವ ಹೆಂಗಸರು, ಪ್ರಭುಗಳು ಬರುವುದು ಹನ್ನೆರಡನೆಯ ದಿನ! ಸಂಕೇತವೇ ಆಗಿದ್ದರೆ ಸಾಲುಗಳು ಹೀಗೆ ಅದಲುಬದಲಾಗುತ್ತಿರಲಿಲ್ಲ. ಅಲ್ಲದೆ ದಶಾಜ್ಞೆಗಳನ್ನೂ ನಾಲ್ಕು ಸುವಾರ್ತೆಗಳನ್ನೂ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚೇ ಬಹಿರಂಗವಾಗಿ ಬೋಧಿಸುತ್ತಿತ್ತು. ಬಚ್ಚಿಡುವುದಕ್ಕೆ ಅದರಲ್ಲಿ ಏನಿದೆ? ಕ್ಯಾಥೊಲಿಕರಿಗೇ ವಿಶಿಷ್ಟವಾದ ಪೋಪ್ ನಿಷ್ಠೆಯ ಸುಳಿವಂತೂ ಹಾಡಿನಲ್ಲಿ ಎಲ್ಲೂ ಇಲ್ಲ.

ಅಸಲಿಗೆ ಇದು ನೆನಪಿನ ಶಕ್ತಿಯ ಆಟ. ಒಬ್ಬರು ಒಂದು ಸಾಲು ಹೇಳಿದರೆ ಉಳಿದವರು ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಬೇಕು. ಪ್ರತಿ ಸುತ್ತಿಗೂ ಹೊಸದೊಂದು ಉಡುಗೊರೆ ಸೇರುತ್ತ ಪಟ್ಟಿ ಬೆಳೆಯುತ್ತದೆ. ತಡವರಿಸಿದವರು ದಂಡ ತೆರಬೇಕು. ಕೊನೆಯಿಂದ ಮೊದಲಿಗೆ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬರುವ ಆ ಕಸರತ್ತು ಈಗಲೂ ಹಾಡಿನಲ್ಲಿ ಉಳಿದಿದೆ. ‘ಐದು ಚಿನ್ನದ ಉಂಗುರ’ ಎನ್ನುವಲ್ಲಿ ಮಾತ್ರ ಎಲ್ಲರೂ ದನಿ ಎಳೆಯುತ್ತಾರಲ್ಲ, ಅದು ಆಟದ ಕಾಲದ್ದಲ್ಲ. 1909ರಲ್ಲಿ ಈ ಹಾಡಿಗೆ ಸ್ವರ ಹೊಂದಿಸಿ ಪ್ರಕಟಿಸಿದ ಫ್ರೆಡರಿಕ್ ಆಸ್ಟಿನ್ ಅವರ ಕೈಚಳಕ. ನಿಮ್ಮ ಮಗಳು ಕಲಿಯುತ್ತಿರುವುದೂ ಬಹುತೇಕ ಅದೇ ಧಾಟಿ.

ಹನ್ನೆರಡು ದಿನ ಎಂದರೆ ಹಬ್ಬಕ್ಕೆ ಮುಂಚಿನ ದಿನಗಳೆಂದು ಹಲವರ ಎಣಿಕೆ. ಅಲ್ಲ, ಡಿಸೆಂಬರ್ 25ರಿಂದ ಜನವರಿ 5ರವರೆಗೆ. ಮರುದಿನ, ಮೂವರು ಜ್ಞಾನಿಗಳು ಬಾಲಯೇಸುವನ್ನು ಕಂಡದ್ದನ್ನು ಸ್ಮರಿಸುವ ಹಬ್ಬ.

ಮಗಳಿಗೆ ಲೆಕ್ಕದಲ್ಲಿ ಆಸಕ್ತಿಯಿದ್ದರೆ ಉಡುಗೊರೆಗಳನ್ನು ಕೂಡಿಸಲು ಹೇಳಿ. ಹಿಂದಿನ ದಿನಗಳದ್ದೆಲ್ಲ ದಿನವೂ ಮತ್ತೆ ಬರುವುದರಿಂದ ಮೊತ್ತ 364, ಉಂಗುರಗಳೇ 40! ಅಮೆರಿಕದ ಪಿಎನ್‌ಸಿ ಬ್ಯಾಂಕ್ 1984ರಿಂದ ಈ ಉಡುಗೊರೆಗಳ ಬೆಲೆ ಕಟ್ಟಿ ವರ್ಷವರ್ಷವೂ ಪ್ರಕಟಿಸುತ್ತ ಬಂದಿದೆ. ತಮಾಷೆಗೇ ಶುರುವಾದದ್ದು, ಆದರೂ ಬೆಲೆಯೇರಿಕೆಯ ಪಾಠಕ್ಕೆ ಶಿಕ್ಷಕರು ಅದನ್ನು ಬಳಸುತ್ತಾರೆ.